ವೇಷ ಕಟ್ಟುವ ಯಂತ್ರ: ಅಲನ್ ಟ್ಯೂರಿಂಗ್

ಇಂಟರ್ನಲ್ಸ್ ಮುಗಿದ ವಾರ ಹಾಸ್ಟೆಲ್‌ಗಳಲ್ಲಿ ಹಳೇ ಗೇಮ್‌ಗಳಿಗೆ ಮತ್ತೆ ಜೀವ ಬರುತ್ತೆ. ಒಂದು ರೂಮಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ, ಪಕ್ಕದ ರೂಮಲ್ಲಿ ಡೇಂಜರಸ್ ಡೇವ್, ಕೊನೇ ರೂಮಲ್ಲಿ ಇಬ್ಬರು ಒಂದೇ ಕೀಬೋರ್ಡಿನ ಮೇಲೆ ಮೊಣಕೈ ತಾಗಿಸಿಕೊಂಡು ಕಾಂಟ್ರಾ. ಈ ಗೇಮ್‌ಗಳು ಬಂದಾಗ ನಾವ್ಯಾರೂ ಹುಟ್ಟಿರಲಿಲ್ಲ. ಅವು ಓಡುತ್ತಿದ್ದ ಪಿಸಿಗಳು, ಟಿವಿಗೆ ಸಿಕ್ಕಿಸುತ್ತಿದ್ದ ಡಬ್ಬಿಗಳು ಈಗ ಗುಜರಿಯಲ್ಲೂ ಸಿಗೋದು ಕಷ್ಟ. ಇವತ್ತಿನ 64 ಬಿಟ್ ವಿಂಡೋಸ್‌ಗೆ 1990ರ ಡಾಸ್ ಗೇಮ್ ಕೊಟ್ಟು ನೋಡಿ, ಎರರ್ ತೋರಿಸಿ ಸುಮ್ಮನಾಗುತ್ತೆ. ಆದ್ರೂ ಗೇಮ್ ಓಡುತ್ತೆ, ಯಾಕಂದ್ರೆ ನಡುವೆ ಡಾಸ್‌ಬಾಕ್ಸ್ ಅನ್ನೋ ಎಮ್ಯುಲೇಟರ್ ಕೂತಿದೆ. ಹಳೇ ಇಂಟೆಲ್ ಪ್ರೊಸೆಸರ್, ವಿಜಿಎ ಕಾರ್ಡು, ಸೌಂಡ್ ಬ್ಲಾಸ್ಟರ್ ಎಲ್ಲದರ ವೇಷವನ್ನೂ ಅದೇ ಕಟ್ಟುತ್ತೆ. ತಾನು ಬೇರೆ ಕಾಲದ ಬೇರೆ ಯಂತ್ರದೊಳಗಿದ್ದೀನಿ ಅನ್ನೋ ಅನುಮಾನ ಗೇಮಿಗೆ ಬರೋದೇ ಇಲ್ಲ.

ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಒಂದೇ ರಾತ್ರಿ ಎರಡು ಮೂರು ವೇಷ ಮಾಡೋದನ್ನ ನಾವು ನೋಡಿದ್ದೀವಿ. ಯಂತ್ರಕ್ಕೂ ಇದು ಸಾಧ್ಯ, ಅದೂ ಎರಡು ಮೂರಲ್ಲ, ವಿವರ ಬರೆದುಕೊಟ್ಟರೆ ಯಾವ ವೇಷ ಬೇಕಾದ್ರೂ ಸಾಧ್ಯ ಅಂತ ಗಣಿತದಲ್ಲಿ ಸಾಧಿಸಿ ತೋರಿಸಿದವನು ಅಲನ್ ಟ್ಯೂರಿಂಗ್. ತೋರಿಸಿದ್ದು 1936ರಲ್ಲಿ. ಆಗ ಅಂಥ ಒಂದು ಯಂತ್ರವೂ ಪ್ರಪಂಚದಲ್ಲಿರಲಿಲ್ಲ. ಸಿನಿಮಾ ನೋಡಿದವರಿಗೆ ಟ್ಯೂರಿಂಗ್ ಅಂದ್ರೆ ಯುದ್ಧ, ಎನಿಗ್ಮಾ, ಕೊನೆಗೊಂದು ಸೇಬುಹಣ್ಣು. ಅದೂ ಬರುತ್ತೆ. ಆದರೆ ಈ ಸಂಚಿಕೆಗೆ ನಮಗೆ ಬೇಕಾಗಿರೋದು ಎಮ್ಯುಲೇಟರ್‌ಗಳ ಮೂಲಪುರುಷ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ಅನ್ನ ಬರುತ್ತಿದ್ದದ್ದು ನಮ್ಮ ಕಡೆಯಿಂದ. ಅಪ್ಪ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಮಂಗಳೂರು, ಬಳ್ಳಾರಿ ಎಲ್ಲ ಆಗ ಅದೇ ಪ್ರಾಂತ್ಯ. ಅಮ್ಮ ಸಾರಾ ಹುಟ್ಟಿದ್ದು ಪೋದನೂರಿನಲ್ಲಿ. ಬೆಂಗಳೂರಿಂದ ಕೇರಳದ ಕಡೆ ರೈಲಲ್ಲಿ ಹೋದವರಿಗೆ ಕೊಯಮತ್ತೂರಿನ ಹತ್ತಿರ ಬರೋ ಈ ಜಂಕ್ಷನ್ ಗೊತ್ತಿರುತ್ತೆ. ತಾತ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಹೀಗೆ ಅಪ್ಪ ಅಮ್ಮ ಇಬ್ಬರೂ ಇಲ್ಲಿ, ಮಕ್ಕಳಿಬ್ಬರು ಮಾತ್ರ ಇಂಗ್ಲೆಂಡಿನ ಸಮುದ್ರತೀರದ ಊರಲ್ಲಿ ವಾರ್ಡ್ ಅನ್ನೋ ನಿವೃತ್ತ ಕರ್ನಲ್ ಮನೆಯಲ್ಲಿ. ಎಷ್ಟೋ ವರ್ಷ ಈ ಹುಡುಗರಿಗೆ ಅಪ್ಪ ಅಮ್ಮ ಅಂದ್ರೆ ರಜೆಗೆ ಬಂದು ಹೋಗೋ ನೆಂಟರೇ.

1926ರಲ್ಲಿ ಶೆರ್ಬೋರ್ನ್ ಅನ್ನೋ ಬೋರ್ಡಿಂಗ್ ಶಾಲೆಗೆ ಸೇರುವ ಹೊತ್ತಿಗೆ ದೇಶದಲ್ಲಿ ಸಾರ್ವತ್ರಿಕ ಮುಷ್ಕರ, ರೈಲಿಲ್ಲ. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್ ಬಂದರಿನಿಂದ ಸುಮಾರು 100 ಕಿಲೋಮೀಟರ್ ಸೈಕಲ್ ಹೊಡೆದು, ದಾರಿಯಲ್ಲಿ ಒಂದು ರಾತ್ರಿ ತಂಗಿ, ಶಾಲೆ ತಲುಪಿದ. ಅಲ್ಲಿನ ಮೇಷ್ಟ್ರುಗಳಿಗೆ ಅವನ ಗಣಿತಕ್ಕಿಂತ ಅವನ ಕೆಟ್ಟ ಅಕ್ಷರ, ಇಂಕು ಮೆತ್ತಿದ ಬೆರಳುಗಳೇ ಹೆಚ್ಚು ಕಾಣುತ್ತಿದ್ದವು. ಅವನನ್ನ ಸರಿಯಾಗಿ ಕಂಡವನು ಕ್ರಿಸ್ಟೋಫರ್ ಮಾರ್ಕಂ, ಒಂದು ಕ್ಲಾಸ್ ಮುಂದಿದ್ದ ಗೆಳೆಯ. ಇಬ್ಬರಿಗೂ ನಕ್ಷತ್ರ, ರಸಾಯನಶಾಸ್ತ್ರ, ಗಣಿತದ ಹುಚ್ಚು. 1930ರ ಫೆಬ್ರವರಿಯಲ್ಲಿ ಮಾರ್ಕಂ ಕ್ಷಯದಿಂದ ತೀರಿಕೊಂಡ. ದೇಹ ಹೋದ ಮೇಲೆ ಮನಸ್ಸು ಏನಾಗುತ್ತೆ, ಅದು ಇನ್ನೊಂದು ಕಡೆ ನಡೆಯಬಹುದಾ ಅಂತ ಟ್ಯೂರಿಂಗ್ ಬಹಳ ದಿನ ತಲೆ ಕೆಡಿಸಿಕೊಂಡ. ಮುಂದೆ ಆತ ಬರೆದ ಗಣಿತಕ್ಕೆ ಈ ದುಃಖವೇ ಕಾರಣ ಅಂತ ನೇರ ಗೆರೆ ಎಳೆಯೋದು ನಮಗೆ ಸರಿ ಅನಿಸಲ್ಲ. ಆದರೆ ಪ್ರಶ್ನೆ ಅವನ ಜೊತೆಗೇ ಉಳಿಯಿತು ಅನ್ನೋದಂತೂ ನಿಜ.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. 1935ರಲ್ಲಿ, 22ನೇ ವಯಸ್ಸಿಗೇ ಅಲ್ಲಿನ ಫೆಲೋ. ಅದೇ ವರ್ಷ ಮ್ಯಾಕ್ಸ್ ನ್ಯೂಮನ್ ಅನ್ನೋ ಪ್ರೊಫೆಸರ ಪಾಠದಲ್ಲಿ ಹಿಲ್ಬರ್ಟನ ಒಂದು ಪ್ರಶ್ನೆ ಕಿವಿಗೆ ಬಿತ್ತು: ಯಾವ ಗಣಿತದ ಹೇಳಿಕೆ ಕೊಟ್ಟರೂ ಅದನ್ನ ಸಾಧಿಸೋಕೆ ಆಗುತ್ತೋ ಇಲ್ಲವೋ ಅಂತ ತೀರ್ಮಾನ ಹೇಳೋ ಒಂದು ಯಾಂತ್ರಿಕ ವಿಧಾನ ಇದೆಯಾ? ಎಲ್ಲರೂ ಸಾಧಿಸೋದು ಅನ್ನೋ ಮಾತು ಹಿಡಿದುಕೊಂಡರು, ಟ್ಯೂರಿಂಗ್ ಯಾಂತ್ರಿಕ ಅನ್ನೋ ಮಾತು ಹಿಡಿದ.

ಆಗ ಕಂಪ್ಯೂಟರ್ ಅಂದ್ರೆ ಮನುಷ್ಯ. ಆಫೀಸಲ್ಲಿ ಕೂತು ಲೆಕ್ಕ ಮಾಡೋ ಗುಮಾಸ್ತ. ಟ್ಯೂರಿಂಗ್ ಆ ಗುಮಾಸ್ತನನ್ನ ಸೋಸುತ್ತಾ ಹೋದ. ಅವನ ಕೈಲಿ ಚೌಕುಳಿ ಹಾಕಿದ ಕಾಗದ, ಒಂದು ಸಲಕ್ಕೆ ನೋಡೋದು ಒಂದು ಚೌಕ. ಮನಸ್ಸಿನ ಸ್ಥಿತಿಗಳು ಲೆಕ್ಕಕ್ಕೆ ಸಿಗೋವಷ್ಟು. ಕಂಡ ಗುರುತು, ಸದ್ಯದ ಸ್ಥಿತಿ, ಇವೆರಡೇ ಮುಂದಿನ ಹೆಜ್ಜೆ ನಿರ್ಧರಿಸುತ್ತವೆ: ಅಳಿಸು, ಬರೆ, ಎಡಕ್ಕೆ ಅಥವಾ ಬಲಕ್ಕೆ ಸರಿ, ಸ್ಥಿತಿ ಬದಲಾಯಿಸು. ಗುಮಾಸ್ತನ ಹೊಟ್ಟೆ, ಹಸಿವು, ಬೇಜಾರು ಎಲ್ಲ ತೆಗೆದರೆ ಉಳಿಯೋದು ಒಂದು ಉದ್ದನೆ ಟೇಪು ಮತ್ತೆ ಒಂದು ಪಟ್ಟಿ. ಥಿಯರಿ ಆಫ್ ಕಂಪ್ಯುಟೇಶನ್ ಪೇಪರಲ್ಲಿ ಹತ್ತು ಮಾರ್ಕ್ಸಿಗೆ ಬರೆಯೋ ಟ್ಯೂರಿಂಗ್ ಮೆಷಿನ್ ಇಷ್ಟೇ.

ಮಜಾ ಇರೋದು ಇದರ ಮುಂದಿನ ಹೆಜ್ಜೆಯಲ್ಲಿ. ಪ್ರತಿ ಕೆಲಸಕ್ಕೆ ಒಂದೊಂದು ಯಂತ್ರ, ಪ್ರತಿ ಯಂತ್ರಕ್ಕೆ ಒಂದೊಂದು ಪಟ್ಟಿ. ಪಟ್ಟಿ ಅಂದ್ರೆ ಬರಹ ತಾನೆ? ಬರಹವನ್ನ ಸಂಕೇತಗಳ ಸಾಲು ಮಾಡಬಹುದು, ಆ ಸಾಲನ್ನ ಟೇಪಿನ ಮೇಲೆ ಇಡಬಹುದು. ಹಾಗಾದ್ರೆ ಟೇಪಿನ ಮೇಲಿರೋ ಪಟ್ಟಿಯನ್ನ ಓದಿ, ಪಟ್ಟಿಯ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಮಾಡೋ ಒಂದು ಯಂತ್ರ ಬರೆಯೋಕಾಗಲ್ವಾ? ಆಗುತ್ತೆ ಅಂತ ಟ್ಯೂರಿಂಗ್ ಪೂರ್ತಿ ಪಟ್ಟಿ ಬರೆದೇ ತೋರಿಸಿದ. ಅದಕ್ಕೆ ಸಾರ್ವತ್ರಿಕ ಯಂತ್ರ ಅಂತ ಹೆಸರು. 1936ರ ಮೇ ತಿಂಗಳಲ್ಲಿ ಪ್ರಬಂಧ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಗೆ ಹೋದಾಗ ಆತನಿಗೆ ಇನ್ನೂ 24 ತುಂಬಿರಲಿಲ್ಲ.

ನಿಮ್ಮ ಲ್ಯಾಪ್‌ಟಾಪಲ್ಲಿ ಕಾಂಟ್ರಾ ಓಡುವಾಗ ನಡೆಯೋದು ಇದೇ. ನಿಂಟೆಂಡೋ ಪೆಟ್ಟಿಗೆಯ ಚಿಪ್ಪು ಯಾವ ಇನ್‌ಸ್ಟ್ರಕ್ಷನ್‌ಗೆ ಏನು ಮಾಡುತ್ತಿತ್ತು ಅನ್ನೋ ವಿವರವೇ ಎಮ್ಯುಲೇಟರ್. ಕಾರ್ಟ್ರಿಜ್‌ನಿಂದ ತೆಗೆದ ಫೈಲು ಆ ಚಿಪ್ಪು ಓದುತ್ತಿದ್ದ ಟೇಪು. ಎರಡೂ ನಿಮ್ಮ ಡಿಸ್ಕಿನಲ್ಲಿ ಬಿಟ್‌ಗಳಾಗಿ ಅಕ್ಕಪಕ್ಕ ಬಿದ್ದಿವೆ. ಯಂತ್ರವೂ ಮಾಹಿತಿಯೇ, ಯಂತ್ರ ಓದೋದೂ ಮಾಹಿತಿಯೇ. ಈಗ ಇದು ನಮಗೆ ಸಪ್ಪೆ ಅನಿಸೋವಷ್ಟು ಸಹಜ. 1936ರಲ್ಲಿ ಯಂತ್ರ ಅಂದ್ರೆ ಕಬ್ಬಿಣ, ಹಲ್ಲಿನ ಚಕ್ರ, ಎಣ್ಣೆ.

ಒಂದು ವಿಷಯ ಮಾತ್ರ ಹೇಳಲೇಬೇಕು. ಈ ಮೊದಲ ಎಮ್ಯುಲೇಟರಲ್ಲೂ ಬಗ್ ಇದ್ದವು. ಕಾಗದದ ಮೇಲಿನ ಯಂತ್ರ, ಓಡಿಸಿ ನೋಡೋಕೆ ಯಾವ ಸೌಕರ್ಯವೂ ಇಲ್ಲ. ಟ್ಯೂರಿಂಗೇ ಮುಂದೆ ಒಂದು ತಿದ್ದುಪಡಿ ಪ್ರಕಟಿಸಿದ. ಆಮೇಲೂ ತಪ್ಪು ಉಳಿದಿದ್ದವು. ಯುದ್ಧದ ನಂತರ ಡೊನಾಲ್ಡ್ ಡೇವಿಸ್ ಅನ್ನೋ ಕಿರಿಯ ಸಹೋದ್ಯೋಗಿ, ಮುಂದೆ ಪ್ಯಾಕೆಟ್ ಸ್ವಿಚಿಂಗ್‌ಗೆ ಹೆಸರಾದವನು, ಸಾರ್ವತ್ರಿಕ ಯಂತ್ರದ ಪಟ್ಟಿಯನ್ನ ಸಾಲು ಸಾಲಾಗಿ ನೋಡಿ ತಪ್ಪುಗಳನ್ನ ಹುಡುಕಿ ತಂದು ತೋರಿಸಿದ. ಟ್ಯೂರಿಂಗ್‌ಗೆ ಸಂತೋಷ ಆಗಲಿಲ್ಲ, ಸಿಟ್ಟು ಬಂತು. ಕೋಡ್ ರಿವ್ಯೂ ಮಾಡಿಸಿಕೊಂಡವರಿಗೆಲ್ಲ ಈ ಸಿಟ್ಟು ಗೊತ್ತು.

ಅದೇ ಪ್ರಬಂಧ ಹಿಲ್ಬರ್ಟನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿತು: ಅಂಥ ವಿಧಾನ ಇಲ್ಲ. ಒಂದು ಯಂತ್ರದ ವಿವರವನ್ನ ಸುಮ್ಮನೆ ಓದಿ, ಅದು ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಾ ಇಲ್ಲವಾ ಅಂತ ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ಯಂತ್ರ ಇರೋಕೆ ಸಾಧ್ಯವಿಲ್ಲ. ಇನ್ನೊಂದು ಯಂತ್ರದ ವೇಷ ಕಟ್ಟಬಹುದು, ಆಟ ಪೂರ್ತಿ ಆಡಬಹುದು, ಆದರೆ ಆಡದೆ ಕೊನೆ ಹೇಳೋಕೆ ಆಗಲ್ಲ. ಅಮೆರಿಕದ ಅಲೊಂಜೊ ಚರ್ಚ್ ಬೇರೆ ದಾರಿಯಲ್ಲಿ ಇದೇ ಉತ್ತರವನ್ನ ಸ್ವಲ್ಪ ಮೊದಲೇ ಮುಟ್ಟಿದ್ದ. ಟ್ಯೂರಿಂಗ್ ಪ್ರಿನ್ಸ್‌ಟನ್‌ಗೆ ಹೋಗಿ ಅವನ ಹತ್ತಿರವೇ 1938ರಲ್ಲಿ ಪಿಎಚ್‌ಡಿ ಮುಗಿಸಿದ. ಅಲ್ಲಿದ್ದಾಗ ವರ್ಕ್‌ಶಾಪಿನಲ್ಲಿ ತಾನೇ ರಿಲೇ ಸುತ್ತಿ ಗುಣಾಕಾರ ಮಾಡೋ ಯಂತ್ರ ಕಟ್ಟತೊಡಗಿದ ಅನ್ನೋದನ್ನ ಇಸಿಇ ಗೆಳೆಯರು ಗಮನಿಸಬೇಕು. ಬರೀ ಕಾಗದದ ಮನುಷ್ಯ ಅಲ್ಲ.

ಯುದ್ಧದ ಕಥೆಯನ್ನ ನಾವು ಚಿಕ್ಕದಾಗಿ ಹೇಳ್ತೀವಿ. 1939ರ ಸೆಪ್ಟೆಂಬರ್ 4ರಂದು, ಯುದ್ಧ ಸಾರಿದ ಮರುದಿನ, ಬ್ಲೆಚ್ಲಿ ಪಾರ್ಕಿಗೆ ಸೇರಿದ. ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ಕಡಿದುಕೊಟ್ಟಿದ್ದರು. ಟ್ಯೂರಿಂಗ್ ಬೇರೆ ತತ್ವದ ಮೇಲೆ ಬಾಂಬ್ ಅನ್ನೋ ಯಂತ್ರದ ವಿನ್ಯಾಸ ಮಾಡಿದ, ಗಾರ್ಡನ್ ವೆಲ್ಚ್‌ಮನ್ ಅದನ್ನ ಉತ್ತಮಪಡಿಸಿದ. ಆ ಯಂತ್ರದ ಹೊಟ್ಟೆಯಲ್ಲಿ ಇದ್ದದ್ದು ಏನು ಗೊತ್ತಾ? 36 ಎನಿಗ್ಮಾಗಳ ವೇಷ. ಜರ್ಮನರ ಯಂತ್ರದ ತಿರುಗುಚಕ್ರಗಳಲ್ಲಿ ತಂತಿ ಹೇಗೆ ಓಡುತ್ತಿತ್ತೋ ಹಾಗೇ ತಂತಿ ಸುತ್ತಿದ ಡ್ರಮ್ಮುಗಳು, ಮೂರು ಡ್ರಮ್ಮಿಗೆ ಒಂದು ಎನಿಗ್ಮಾ. ಅವೆಲ್ಲ ಒಟ್ಟಿಗೆ ತಿರುಗುತ್ತಾ ಅಸಾಧ್ಯವಾದ ಸೆಟ್ಟಿಂಗ್‌ಗಳನ್ನ ಒಂದೊಂದಾಗಿ ತಳ್ಳಿಹಾಕುತ್ತಿದ್ದವು. ಕೀ ಸಿಕ್ಕ ಮೇಲೆ ಸಂದೇಶ ಬಿಡಿಸೋಕೆ ಬಳಸುತ್ತಿದ್ದದ್ದೂ ನಿಜವಾದ ಎನಿಗ್ಮಾ ಅಲ್ಲ. ಬ್ರಿಟಿಷರ ಟೈಪೆಕ್ಸ್ ಯಂತ್ರಗಳನ್ನೇ ಎನಿಗ್ಮಾದ ಹಾಗೆ ನಡೆಯುವಂತೆ ತಂತಿ ಬದಲಾಯಿಸಿ ಕೂರಿಸಿದ್ದರು. ಕೈಗೆ ಸಿಗದ ಹಾರ್ಡ್‌ವೇರನ್ನ ಇರೋ ಹಾರ್ಡ್‌ವೇರಿನ ಮೇಲೆ ಓಡಿಸೋ ಕೆಲಸಕ್ಕೆ ಅಲ್ಲಿ ದಿನವೂ ಪ್ರಾಣಗಳ ಬೆಲೆ ಇತ್ತು. ಅಟ್ಲಾಂಟಿಕ್ ದಾಟೋ ಹಡಗುಗಳ ದಾರಿ ಅದರ ಮೇಲೆ ನಿಂತಿತ್ತು.

ಅದೇ ಕ್ಯಾಂಪಿನಲ್ಲಿ ಬಿಡುವಿದ್ದಾಗ ಚೆಸ್. ಟ್ಯೂರಿಂಗ್ ಜೊತೆಗಿದ್ದ ಹ್ಯೂ ಅಲೆಕ್ಸಾಂಡರ್ ಬ್ರಿಟನ್ನಿನ ಚಾಂಪಿಯನ್. ಟ್ಯೂರಿಂಗ್ ಆಟ ಮಾತ್ರ ಸುಮಾರು. ಹಾಗಾಗಿ ತನ್ನ ಮಟ್ಟದವನೇ ಆದ ಡೊನಾಲ್ಡ್ ಮಿಚಿ ಅನ್ನೋ ಚಿಕ್ಕ ಹುಡುಗನ ಜೊತೆ ವಾರಕ್ಕೊಮ್ಮೆ ಪಬ್ಬಿನಲ್ಲಿ ಕೂತು ಆಡುತ್ತಿದ್ದ, ಯಂತ್ರಕ್ಕೆ ಚೆಸ್ ಹೇಳಿಕೊಡೋದು ಹೇಗೆ ಅಂತ ಮಾತಾಡುತ್ತಿದ್ದ. ಈ ಮಿಚಿಯ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತಾನೆ.

ಯುದ್ಧ ಮುಗಿದ ಮೇಲೆ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಏಸ್ ಅನ್ನೋ ಕಂಪ್ಯೂಟರಿನ ವಿನ್ಯಾಸ. ಹಾರ್ಡ್‌ವೇರ್ ಆದಷ್ಟು ಕಡಿಮೆ ಇರಲಿ, ಉಳಿದದ್ದನ್ನ ಪ್ರೋಗ್ರಾಮೇ ಮಾಡಲಿ ಅನ್ನೋದು ಅವನ ಹಟ. ಬೇರೆಯವರು ಸರ್ಕ್ಯೂಟ್ ಸೇರಿಸಿ ಅನ್ನೋ ಕಡೆ ಈತ ಇನ್ನೊಂದು ಸಬ್‌ರೂಟೀನ್ ಬರೆಯಿರಿ ಅನ್ನೋನು. ಆದರೆ ಕಟ್ಟೋ ಕೆಲಸ ಆಮೆವೇಗದಲ್ಲಿ ಸಾಗಿತು. ಬೇಸತ್ತು ಸಂಜೆ ಹೊತ್ತು ಓಡಲು ಹೋಗುತ್ತಿದ್ದ. 1947ರಲ್ಲಿ ಮ್ಯಾರಥಾನನ್ನ 2 ಗಂಟೆ 46 ನಿಮಿಷದಲ್ಲಿ ಓಡಿದ. ನಮ್ಮ ಕಾಲೇಜು ಸ್ಪೋರ್ಟ್ಸ್‌ನಲ್ಲಿ ಈ ಟೈಮಿಂಗ್ ಇರೋರು ಇದ್ದರೆ ಕೈ ಎತ್ತಿ. ಏಸ್‌ನ ಚಿಕ್ಕ ಮಾದರಿ 1950ರಲ್ಲಿ ಓಡುವ ಹೊತ್ತಿಗೆ ಟ್ಯೂರಿಂಗ್ ಅಲ್ಲಿಂದ ಹೊರಟು ಎರಡು ವರ್ಷವಾಗಿತ್ತು. ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು, ಮೆಮೊರಿಯಲ್ಲೇ ಪ್ರೋಗ್ರಾಮ್ ಇಟ್ಟುಕೊಂಡು ನಡೆಯೋ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಓಡಿತ್ತು. ಮೆಮೊರಿ 32 ಬಿಟ್‌ನ 32 ಪದ ಮಾತ್ರ. ನ್ಯೂಮನ್ ಆಗ ಅಲ್ಲಿದ್ದ, ಹಳೇ ಶಿಷ್ಯನನ್ನ ಕರೆಸಿಕೊಂಡ.

ಅದೇ 1948ರಲ್ಲಿ ಗೆಳೆಯ ಡೇವಿಡ್ ಚಾಂಪರ್ನೌನ್ ಜೊತೆ ಸೇರಿ ಟ್ಯೂರಿಂಗ್ ಒಂದು ಚೆಸ್ ಪ್ರೋಗ್ರಾಮ್ ರೂಪಿಸಿದ. ಹೆಸರು ಟ್ಯೂರೋಚಾಂಪ್. ಓಡಿಸೋಕೆ ತಕ್ಕ ಯಂತ್ರ ಇಲ್ಲ. ನಿಯಮಗಳು ಮಾತ್ರ ಪಕ್ಕಾ. ತನ್ನ ಪ್ರತಿ ನಡೆ, ಅದಕ್ಕೆ ಎದುರಾಳಿಯ ಪ್ರತಿ ಉತ್ತರ ನೋಡು. ಹೊಡೆದಾಟ ನಡೀತಾ ಇದ್ದರೆ ಅದು ತಣ್ಣಗಾಗುವವರೆಗೆ ಮುಂದೆ ನೋಡು. ಪಾನ್‌ಗೆ 1, ಕುದುರೆಗೆ 3, ಬಿಷಪ್‌ಗೆ 3.5, ರೂಕ್‌ಗೆ 5, ರಾಣಿಗೆ 10. ಕಾಯಿಗಳ ಲೆಕ್ಕ ಸಮ ಬಂದರೆ ಪ್ರತಿ ಕಾಯಿಗೆ ಎಷ್ಟು ಮನೆ ತೆರೆದಿವೆ ಅಂತ ಎಣಿಸಿ ಆ ಸಂಖ್ಯೆಯ ವರ್ಗಮೂಲ ಕೂಡಿಸು. ಎಐ ಎಲೆಕ್ಟಿವ್ ತಗೊಂಡವರಿಗೆ ಇದರಲ್ಲಿ ಇವತ್ತಿನ ಚೆಸ್ ಎಂಜಿನ್‌ಗಳ ಅಸ್ಥಿಪಂಜರ ಕಾಣಿಸುತ್ತೆ.

1952ರಲ್ಲಿ ಅಲಿಕ್ ಗ್ಲೆನಿ ಅನ್ನೋ ಯುವ ಸಹೋದ್ಯೋಗಿ ಎದುರು ಕೂತ. ಯಂತ್ರದ ಕಡೆ ಟ್ಯೂರಿಂಗೇ ಯಂತ್ರ. ಕಾಗದ ಪೆನ್ಸಿಲ್ ಹಿಡಿದು ನಿಯಮದಂತೆ ಲೆಕ್ಕ ಹಾಕಿ, ನಿಯಮ ಹೇಳಿದ ನಡೆ ನಡೆಸಬೇಕು. ತನಗೆ ಒಳ್ಳೇ ನಡೆ ಕಾಣಿಸಿದರೂ ಆಡೋ ಹಾಗಿಲ್ಲ. ಒಂದು ನಡೆಗೆ ಸುಮಾರು ಅರ್ಧ ಗಂಟೆ. ಕ್ಲಾಕ್ ಸ್ಪೀಡ್ ಲೆಕ್ಕ ಹಾಕಿದರೆ ಸೆಕೆಂಡಿಗೆ 0.0006 ನಡೆಯೂ ಇಲ್ಲ. 29ನೇ ನಡೆಗೆ ಪ್ರೋಗ್ರಾಮ್ ಸೋತಿತು. 1936ರಲ್ಲಿ ಗುಮಾಸ್ತನನ್ನ ಸೋಸಿ ಯಂತ್ರ ಮಾಡಿದವನು ಈಗ ತಾನೇ ಗುಮಾಸ್ತನಾಗಿ ಯಂತ್ರದ ವೇಷ ಹಾಕಿದ್ದ.

ಆ ಹೊತ್ತಿಗೆ ಮ್ಯಾಂಚೆಸ್ಟರಿಗೆ ಫೆರಾಂಟಿ ಮಾರ್ಕ್ 1 ಅನ್ನೋ ದೊಡ್ಡ ಯಂತ್ರ ಬಂದಿತ್ತು. ಅದರ ಪ್ರೋಗ್ರಾಮರ್ ಕೈಪಿಡಿ ಬರೆದದ್ದು ಟ್ಯೂರಿಂಗ್. ಓದೋಕೆ ಕಬ್ಬಿಣದ ಕಡಲೆ. ಸಂಖ್ಯೆಗಳೆಲ್ಲ 32ರ ಆಧಾರದಲ್ಲಿ, ಟೆಲಿಪ್ರಿಂಟರ್ ಅಕ್ಷರಗಳಲ್ಲಿ. ಅದನ್ನ ತರಿಸಿಕೊಂಡು ಓದಿದವರಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಅನ್ನೋ ಶಾಲೆ ಮೇಷ್ಟ್ರೂ ಒಬ್ಬ. ರಜೆಯಲ್ಲಿ ಡ್ರಾಫ್ಟ್ಸ್ ಆಡೋ ಪ್ರೋಗ್ರಾಮ್ ಬರೆದಿದ್ದ. ನಾವು ಚೆಕರ್ಸ್ ಅಂತೀವಲ್ಲ, ಅದು. ಮೊದಲು ಚಿಕ್ಕ ಏಸ್ ಮೇಲೆ ಪ್ರಯತ್ನಿಸಿದಾಗ ಮೆಮೊರಿ ಸಾಲಲಿಲ್ಲ. ಮಾರ್ಕ್ 1ರ ಮೆಮೊರಿ ದೊಡ್ಡದು ಅಂತ ಗೊತ್ತಾಗಿ ಟ್ಯೂರಿಂಗನ್ನ ಹಿಡಿದ.

ಟ್ಯೂರಿಂಗ್ ಅವನಿಗೆ ಕೊಟ್ಟ ಸಲಹೆ ನಮ್ಮ ಮಟ್ಟಿಗೆ ಈ ಇಡೀ ಕಥೆಯಲ್ಲೇ ಬಲು ಸೊಗಸಾದ ಘಟನೆ. ಆಟಕ್ಕೆ ಮುಂಚೆ, ಮಾರ್ಕ್ 1 ತನ್ನನ್ನೇ ಅನುಕರಿಸೋ ಒಂದು ಪ್ರೋಗ್ರಾಮ್ ಬರೆದು ನೋಡು ಅಂದ. ಅಂದ್ರೆ ಯಂತ್ರದೊಳಗೆ ಅದೇ ಯಂತ್ರದ ವೇಷ. ಒಳಗಿನ ಯಂತ್ರಕ್ಕೆ ಬೇರೆ ಯಾವುದಾದರೂ ಪ್ರೋಗ್ರಾಮ್ ಕೊಟ್ಟರೆ ಒಂದೊಂದೇ ಹೆಜ್ಜೆ ನಡೆಸಿ, ಎಲ್ಲಿ ತಪ್ಪಿದೆ ಅಂತ ನೋಡಬಹುದು. ನಾವು ಡಿಬಗ್ಗರಲ್ಲಿ ಸ್ಟೆಪ್ ಒತ್ತುತ್ತೀವಲ್ಲ, ಅದರ ಮುತ್ತಜ್ಜ. ಸ್ಟ್ರೇಚಿ ಸಾವಿರದಷ್ಟು ಇನ್‌ಸ್ಟ್ರಕ್ಷನ್‌ನ ಪ್ರೋಗ್ರಾಮ್ ಬರೆದುಕೊಂಡು 1951ರಲ್ಲಿ ಮ್ಯಾಂಚೆಸ್ಟರಿಗೆ ಬಂದ. ಆ ಯಂತ್ರ ಅಲ್ಲಿವರೆಗೆ ಅಷ್ಟು ಉದ್ದದ ಪ್ರೋಗ್ರಾಮ್ ಕಂಡಿರಲಿಲ್ಲ. ರಾತ್ರಿಯೆಲ್ಲ ಯಂತ್ರದ ಜೊತೆ ಅವನೊಬ್ಬನೇ ಗುದ್ದಾಡಿದ. ಬೆಳಗಾಗುವಷ್ಟರಲ್ಲಿ ಪ್ರೋಗ್ರಾಮ್ ಓಡಿತು, ಓಡಿ ಮುಗಿದಾಗ ಯಂತ್ರದ ಸ್ಪೀಕರಿನಿಂದ ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿ ಬಂತು. ಮೇಷ್ಟ್ರಿಗೆ ಕೂಡಲೇ ಕಂಪ್ಯೂಟರ್ ಕೆಲಸದ ಆಹ್ವಾನ. 1952ರ ಬೇಸಿಗೆಗೆ ಡ್ರಾಫ್ಟ್ಸ್ ಆಟವೂ ತಯಾರು. ಮಣೆಯನ್ನ ಟ್ಯೂಬಿನ ಮೇಲೆ ತೋರಿಸುತ್ತಿತ್ತು, ಎದುರಾಳಿ ತಡ ಮಾಡಿದರೆ ತಾಳ್ಮೆ ಕೆಡುತ್ತಿದೆ ಅಂತ ಪ್ರಿಂಟರಲ್ಲಿ ಗದರುತ್ತಿತ್ತು.

1950ರಲ್ಲಿ ಟ್ಯೂರಿಂಗ್ ಮೈಂಡ್ ಪತ್ರಿಕೆಗೆ ಬರೆದ ಲೇಖನ ಎಲ್ಲರಿಗೂ ಗೊತ್ತಿರೋದು ಯಂತ್ರ ಮನುಷ್ಯನ ಹಾಗೆ ಮಾತಾಡೋ ಪರೀಕ್ಷೆಗಾಗಿ. ಅದರ ನಡುವೆ ಕಡಿಮೆ ಜನ ಓದೋ ಒಂದು ಭಾಗವಿದೆ. ಬಿಡಿ ಬಿಡಿ ಸ್ಥಿತಿಗಳಲ್ಲಿ ನಡೆಯೋ ಯಾವ ಯಂತ್ರವನ್ನಾದರೂ ಡಿಜಿಟಲ್ ಕಂಪ್ಯೂಟರ್ ಅನುಕರಿಸಬಲ್ಲದು, ಆದ್ದರಿಂದ ವೇಗದ ಪ್ರಶ್ನೆ ಬಿಟ್ಟರೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಯಂತ್ರ ಬೇಕಿಲ್ಲ ಅನ್ನೋದು ಅಲ್ಲಿನ ವಾದ. ಎಮ್ಯುಲೇಟರ್ ಬರೆಯೋರ ಎಪ್ಪತ್ತು ವರ್ಷದ ಪಾಡೆಲ್ಲ ಆ ವೇಗದ ಪ್ರಶ್ನೆ ಅನ್ನೋ ಪದಗಳಲ್ಲಿ ಅಡಗಿದೆ.

1936ರ ಯಂತ್ರಕ್ಕೆ ಗಡಿಯಾರ ಇಲ್ಲ. ಉತ್ತರ ಸರಿ ಬಂದರಾಯಿತು, ನಿಮಿಷ ಆಗಲಿ ಯುಗ ಆಗಲಿ. ಗೇಮಲ್ಲಿ ಹಾಗಲ್ಲ. ರಾಜಕುಮಾರ ಹಾರಿದ, ಮುಳ್ಳು ಮೇಲೆ ಬಂತು, ಸದ್ದು ಬಂತು, ಯಾವಾಗ ಬಂತು ಅನ್ನೋದೇ ಆಟ. ಹಳೇ ಡಾಸ್ ಗೇಮ್‌ಗಳಲ್ಲಿ ಕೆಲವು ಪ್ರೊಸೆಸರ್ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ವೇಗದ ಯಂತ್ರದ ಮೇಲೆ ಹಾಕಿದರೆ ಶುರುವಾಗೋ ಮುಂಚೆ ಮುಗಿದಿರುತ್ತೆ. ಅದಕ್ಕೇ ಹಳೇ ಪಿಸಿಗಳಿಗೆ ಟರ್ಬೊ ಬಟನ್, ಡಾಸ್‌ಬಾಕ್ಸಿಗೆ ಕಂಟ್ರೋಲ್ ಜೊತೆ ಎಫ್11, ಎಫ್12. ಒಂದು ನಿಧಾನ ಮಾಡೋಕೆ, ಇನ್ನೊಂದು ಜೋರು ಮಾಡೋಕೆ. ಹಳೇ ಪೆಟ್ಟಿಗೆಯಲ್ಲಿ ಪ್ರೊಸೆಸರ್, ಚಿತ್ರದ ಚಿಪ್ಪು, ಸದ್ದಿನ ಚಿಪ್ಪು ಎಲ್ಲ ಏಕಕಾಲಕ್ಕೆ ನಡೆಯುತ್ತಿದ್ದವು. ಅವುಗಳ ತಾಳ ಒಂದಿಷ್ಟೂ ತಪ್ಪದ ಹಾಗೆ ಅನುಕರಿಸೋಕೆ ಮೂಲ ಯಂತ್ರದ ನೂರಾರು ಪಟ್ಟು ಶಕ್ತಿ ಬೇಕಾಗುತ್ತೆ. ವರ್ಚುವಲ್ ಮೆಷಿನ್ ಈ ಕಷ್ಟವನ್ನ ಬೇರೆ ರೀತಿ ತಪ್ಪಿಸಿಕೊಳ್ಳುತ್ತೆ. ವರ್ಚುವಲ್‌ಬಾಕ್ಸಲ್ಲಿ ವಿಂಡೋಸ್ 98 ಹಾಕಿ ರೋಡ್ ರ‍್ಯಾಶ್ ಆಡುವಾಗ ಹೆಚ್ಚಿನ ಇನ್‌ಸ್ಟ್ರಕ್ಷನ್‌ಗಳು ನೇರ ನಿಮ್ಮ ಪ್ರೊಸೆಸರ್ ಮೇಲೇ ಓಡುತ್ತವೆ, ಯಾಕಂದ್ರೆ ಒಳಗೂ ಹೊರಗೂ ಅದೇ ಇಂಟೆಲ್ ಜಾತಿ. ಸುತ್ತಲಿನ ಡಿಸ್ಕು, ಡಿಸ್‌ಪ್ಲೇ ಇತ್ಯಾದಿಗಳಷ್ಟೇ ವೇಷ. ವೇಗ ಸಿಗುತ್ತೆ. ಆದರೆ ಚಿತ್ರದ ಕಾರ್ಡಿನ ವೇಷ ಸರಿ ಕೂರದೆ ಎಷ್ಟೋ ಗೇಮ್ ಕೈಕೊಡುತ್ತವೆ. ಹಾಗಾಗಿ ನಮ್ಮ ಸಲಹೆ, ಡಾಸ್ ಕಾಲದ್ದಕ್ಕೆ ಡಾಸ್‌ಬಾಕ್ಸೇ ಒಳ್ಳೇದು.

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಗೆ ಕಳ್ಳ ನುಗ್ಗಿದ. ದೂರು ಕೊಡೋಕೆ ಹೋದವನ ಬದುಕನ್ನೇ ಪೊಲೀಸರು ಕೆದಕಿದರು. ತನಗೆ ಒಬ್ಬ ಗಂಡಸಿನ ಜೊತೆ ಸಂಬಂಧ ಇದೆ ಅನ್ನೋದನ್ನ ಆತ ಮುಚ್ಚಿಡಲಿಲ್ಲ. ಅಲ್ಲಿ ಅದು 1885ರ ಕಾಯ್ದೆ ಪ್ರಕಾರ ಅಪರಾಧ. ಅದೇ ಸಾಮ್ರಾಜ್ಯ ನಮಗೆ ಬಿಟ್ಟುಹೋದ 377ನೇ ಕಲಮಿನ ಹಿಡಿತದಿಂದ ಒಪ್ಪಿತ ಸಂಬಂಧಗಳನ್ನ ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಮಾರ್ಚ್ 31ಕ್ಕೆ ತೀರ್ಪು. ಜೈಲಿನ ಬದಲು ಒಂದು ವರ್ಷ ಹೆಣ್ಣು ಹಾರ್ಮೋನಿನ ಚಿಕಿತ್ಸೆ. ಗೂಢಲಿಪಿ ಕೆಲಸದ ಬಾಗಿಲು ಮುಚ್ಚಿತು. ಯುದ್ಧದಲ್ಲಿ ಏನು ಮಾಡಿದ್ದ ಅಂತ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳೋ ಹಾಗೂ ಇರಲಿಲ್ಲ, ಅದೆಲ್ಲ ಗುಟ್ಟು. ಆ ಗುಟ್ಟು ಜನಕ್ಕೆ ತಿಳಿದದ್ದು 1970ರ ದಶಕದಲ್ಲಿ.

ಈ ಎರಡು ವರ್ಷವೂ ಆತ ಸುಮ್ಮನೆ ಕೂರಲಿಲ್ಲ. ಚಿರತೆಯ ಮೈಮೇಲೆ ಚುಕ್ಕೆ, ಗಿಡದಲ್ಲಿ ಎಲೆಗಳ ಸಾಲು ಹೇಗೆ ಮೂಡುತ್ತವೆ ಅನ್ನೋದರ ಸಮೀಕರಣಗಳನ್ನ ಮಾರ್ಕ್ 1ರ ಮೇಲೆ ಬಿಡಿಸುತ್ತಿದ್ದ. ಟ್ಯೂರೋಚಾಂಪನ್ನೂ ಆ ಯಂತ್ರಕ್ಕೆ ಹಾಕೋಕೆ ಶುರು ಮಾಡಿದ್ದ, ಮುಗಿಯಲಿಲ್ಲ. 1954ರ ಜೂನ್ 8ರಂದು ಕೆಲಸದಾಕೆ ಬಂದು ನೋಡಿದಾಗ ಹಾಸಿಗೆಯಲ್ಲಿ ಸತ್ತಿದ್ದ. ಸೈನೈಡ್. ಪಕ್ಕದಲ್ಲಿ ಅರ್ಧ ತಿಂದ ಸೇಬು. ವಿಚಾರಣೆ ಆತ್ಮಹತ್ಯೆ ಅಂತ ಹೇಳಿತು. ಮನೆಯಲ್ಲಿ ರಸಾಯನ ಪ್ರಯೋಗ ಮಾಡುತ್ತಿದ್ದವನು, ಅದು ಕೈತಪ್ಪಿ ಆದದ್ದು ಅಂತ ಅಮ್ಮ ಕೊನೇವರೆಗೂ ನಂಬಿದ್ದಳು. ಆ ಸೇಬಿನಲ್ಲಿ ವಿಷ ಇತ್ತಾ ಅಂತ ಯಾರೂ ಪರೀಕ್ಷಿಸಲಿಲ್ಲ. ವಯಸ್ಸು 41. ಸರ್ಕಾರದ ಕ್ಷಮಾಪಣೆ 2009ರಲ್ಲಿ, ರಾಣಿಯ ಕ್ಷಮಾದಾನ 2013ರಲ್ಲಿ, 50 ಪೌಂಡಿನ ನೋಟಿನ ಮೇಲೆ ಮುಖ 2021ರಲ್ಲಿ.

ಆ ಕಾಲದ ಯಂತ್ರಗಳೂ ಉಳಿಯಲಿಲ್ಲ. ಬಾಂಬ್‌ಗಳನ್ನ ಯುದ್ಧದ ನಂತರ ಕಳಚಿದರು. ಕೇಂಬ್ರಿಜ್‌ನ ಎಡ್ಸಾಕ್ 1958ರಲ್ಲಿ ನಿಂತಿತು, ಅದನ್ನೂ ಬಿಚ್ಚಿಹಾಕಿದರು. ಉಳಿದದ್ದು ಕಾಗದ: ಕೈಪಿಡಿ, ಪಟ್ಟಿ, ನಕ್ಷೆ. ಆ ಎಡ್ಸಾಕ್ ಮೇಲೆ 1952ರಲ್ಲಿ ಸ್ಯಾಂಡಿ ಡಗ್ಲಸ್ ಬರೆದ ಓಎಕ್ಸ್‌ಓ ಅನ್ನೋ ಗೇಮ್ ಇತ್ತು. ನಮ್ಮ ಟಿಕ್ ಟ್ಯಾಕ್ ಟೋ. ವಾರ್ವಿಕ್ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪ್‌ಬೆಲ್ ಕೆಲಿ ಬರೆದ ಎಡ್ಸಾಕ್ ಸಿಮ್ಯುಲೇಟರ್ ಹಾಕಿಕೊಂಡರೆ ಇವತ್ತೂ ಆಡಬಹುದು. ಮೂಲದಲ್ಲಿ ನಡೆ ಕೊಡೋಕೆ ಹಳೇ ಟೆಲಿಫೋನಿನ ತಿರುಗಿಸೋ ಡಯಲ್ ಇತ್ತು, ಸಿಮ್ಯುಲೇಟರಲ್ಲೂ ಆ ಡಯಲ್ ಇದೆ, ಮೌಸಿಂದ ಒತ್ತಬೇಕು. ಸ್ಟ್ರೇಚಿಯ ಕಾಗದಗಳು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದ್ದವು. ಡೇವಿಡ್ ಲಿಂಕ್ ಅನ್ನೋ ಜರ್ಮನ್ ಕಲಾವಿದ ಮಾರ್ಕ್ 1ರ ಎಮ್ಯುಲೇಟರ್ ಕಟ್ಟಿ ಆ ಪ್ರೋಗ್ರಾಮ್‌ಗಳಿಗೆ ಮತ್ತೆ ಉಸಿರು ಕೊಟ್ಟ.

ಟ್ಯೂರೋಚಾಂಪ್‌ದು ಸ್ವಲ್ಪ ವಿಚಿತ್ರ. ನಿಯಮಗಳು ಪ್ರಕಟವಾಗಿದ್ದವು, ಗ್ಲೆನಿ ಜೊತೆ ಆಡಿದ ಆಟದ ನಡೆಗಳೂ ದಾಖಲಾಗಿದ್ದವು. ಚೆಸ್‌ಬೇಸ್ ಕಂಪನಿಯವರು ನಿಯಮಗಳನ್ನ ಇವತ್ತಿನ ಕಂಪ್ಯೂಟರಿಗೆ ಕೋಡ್ ಮಾಡಿ, ಹಳೇ ಆಟದ ಜೊತೆ ತಾಳೆ ನೋಡಿದರು. ಕೆಲವು ಕಡೆ ತಾಳೆ ಆಗಲಿಲ್ಲ. ಅದೇ ಸ್ಥಾನದಲ್ಲಿ ಕೋಡ್ ಒಂದು ನಡೆ ಆಡುತ್ತೆ, ಟ್ಯೂರಿಂಗ್ ಆಡಿದ್ದು ಇನ್ನೊಂದು. ಯೂನಿಕ್ಸ್ ಬರೆದ ಕೆನ್ ಥಾಂಪ್ಸನ್‌ಗೂ ಕೈ ಹಾಕಿಸಿದರು. ಅವನಿಗೂ ಹಾಗೇ. ಎಲ್ಲಿ ಬಗ್ ಅಂತ ತಲೆ ಕೆರೆದುಕೊಂಡು ಕೊನೆಗೆ ಪಬ್ಬಿನಲ್ಲಿ ಟ್ಯೂರಿಂಗ್ ಜೊತೆ ಚೆಸ್ ಆಡಿದ್ದ ಡೊನಾಲ್ಡ್ ಮಿಚಿಯನ್ನ ಕೇಳಿದರು. ಆತ ಆಗ ಮುದುಕ. ನೀವು ಪ್ರೋಗ್ರಾಮ್ ಡಿಬಗ್ ಮಾಡೋದು ಬಿಟ್ಟು ಟ್ಯೂರಿಂಗನ್ನ ಡಿಬಗ್ ಮಾಡಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಅರ್ಧ ಗಂಟೆ ವರ್ಗಮೂಲ ಕೂಡಿಸೋ ಕೆಲಸದಲ್ಲಿ ಮನುಷ್ಯ ಕೆಲವು ಸಾಲು ಹಾರಿಸಿರುತ್ತಾನೆ, ಇದು ನೋಡೋದೇ ಬೇಡ ಅಂತ ಬಿಟ್ಟಿರುತ್ತಾನೆ. ಎಮ್ಯುಲೇಟರ್ ಬರೆಯೋರು ಹಳೇ ಚಿಪ್ಪಿನ ದೋಷವನ್ನೂ ದೋಷದ ಸಮೇತ ಅನುಕರಿಸೋಕೆ ಒದ್ದಾಡ್ತಾರೆ. ಇಲ್ಲಿ ಅನುಕರಿಸಬೇಕಾದ ಹಾರ್ಡ್‌ವೇರ್ ಟ್ಯೂರಿಂಗೇ, ಅವನ ಅವಸರಕ್ಕೆ ಪಟ್ಟಿ ಇಲ್ಲ.

2012ರ ಜೂನ್‌ನಲ್ಲಿ, ಟ್ಯೂರಿಂಗ್ ಹುಟ್ಟಿ ನೂರು ವರ್ಷ ತುಂಬಿದ ವಾರ, ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಈ ಟ್ಯೂರೋಚಾಂಪಿನ ಎದುರು ಆಡಿದ. ಈ ಸಲ ನಡೆಗೆ ಅರ್ಧ ಗಂಟೆ ಯಾರೂ ಕಾಯಬೇಕಾಗಲಿಲ್ಲ. ಕ್ಯಾಸ್ಪರೋವ್ 16 ನಡೆಯಲ್ಲಿ ಗೆದ್ದ.